ಬ್ರಹ್ಮಾವರದಿಂದ ಬೈಂದೂರಿನವರೆಗೆ: ಕೈಕಸುಬು ಉಳಿದಿರುವ ಊರುಗಳು

ಬೇಸಿಗೆಯ ರಜೆ ಬಂದಿತೆಂದರೆ ಬಯಲುಸೀಮೆಯ ಮತ್ತು ಮಲೆನಾಡಿನ ನಮ್ಮ ಮನೆತನಗಳವರು ಮಕ್ಕಳನ್ನು ಕರೆದುಕೊಂಡು ಕರಾವಳಿಯತ್ತ ಪ್ರಯಾಣ ಹೊರಡುವುದು ರೂಢಿಯಾಗಿದೆ. ಉಡುಪಿಯಲ್ಲಿ ಒಂದು ದಿನ, ಕೊಲ್ಲೂರಿನಲ್ಲಿ ಒಂದು ರಾತ್ರಿ, ಮರವಂತೆಯ ಕಡಲತೀರದಲ್ಲಿ ಒಂದು ಸಂಜೆ. ಇಷ್ಟಾದರೆ ಪ್ರವಾಸ ಮುಗಿದಂತೆಯೇ. ಹಿಂದಿರುಗುವಾಗ ಚೀಲದಲ್ಲಿ ಪ್ರಸಾದವೂ ಗೋಡಂಬಿಯೂ ಇರುತ್ತವೆ. ಆದರೆ ಈ ಕ್ಷೇತ್ರಗಳ ನಡುವೆ ನಮ್ಮ ವಾಹನ ನಿಲ್ಲದೆ ದಾಟಿಹೋಗುವ ಸಣ್ಣ ಊರುಗಳಲ್ಲಿ ಶತಮಾನಗಳಿಂದ ಕೈಯಿಂದ ಕೈಗೆ ಬಂದ ವಿದ್ಯೆಗಳು ಇಂದಿಗೂ ಜೀವಂತವಾಗಿವೆ ಎಂಬುದು ಬಹುಮಂದಿಗೆ ತಿಳಿಯದು.

ಉಡುಪಿ ಜಿಲ್ಲೆಯ ಉತ್ತರ ಭಾಗದಲ್ಲಿರುವ ಬ್ರಹ್ಮಾವರ, ಕುಂದಾಪುರ ಮತ್ತು ಬೈಂದೂರು ಪಟ್ಟಣಗಳು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಒಂದರ ಹಿಂದೊಂದರಂತೆ ಬರುತ್ತವೆ. ಬ್ರಹ್ಮಾವರದಿಂದ ಬೈಂದೂರಿಗೆ ಸುಮಾರು 60 ಕಿಲೋಮೀಟರು. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾದಾಗ ಕುಂದಾಪುರವು ಅದರ ಮೂರು ತಾಲ್ಲೂಕುಗಳಲ್ಲಿ ಒಂದಾಗಿತ್ತು. ಬ್ರಹ್ಮಾವರ ಮತ್ತು ಬೈಂದೂರು ತಾಲ್ಲೂಕು ಕೇಂದ್ರಗಳಾದದ್ದು ಆ ಬಳಿಕ. ಈ 60 ಕಿಲೋಮೀಟರಿನೊಳಗೆ ಗೊಂಬೆ ಕುಣಿಸುವವರಿದ್ದಾರೆ, ತೇರು ಕೆತ್ತುವವರಿದ್ದಾರೆ, ಯಕ್ಷಗಾನದ ಒಡವೆ ಮಾಡುವವರಿದ್ದಾರೆ, ಸೀರೆ ನೇಯುವವರಿದ್ದಾರೆ, ಬುಟ್ಟಿ ಹೆಣೆಯುವವರಿದ್ದಾರೆ. ಇವರಲ್ಲಿ ಕೆಲವರ ಕಸುಬು ಸೊಂಪಾಗಿ ನಡೆಯುತ್ತಿದೆ, ಕೆಲವರದು ಕ್ಷೀಣಿಸುತ್ತಿದೆ. ಈ ವ್ಯತ್ಯಾಸಕ್ಕೆ ಕಾರಣವೇನೆಂದು ಕಂಡುಕೊಳ್ಳಲು ಪ್ರತಿಯೊಂದು ಊರಿನಲ್ಲಿಯೂ ಒಂದೇ ಒಂದು ಪ್ರಶ್ನೆಯನ್ನು ಕೇಳಿದರೆ ಸಾಕು: ಈ ಕೈಗಳಿಗೆ ಕೆಲಸ ಕೊಡುತ್ತಿರುವವರು ಯಾರು?

ರೇವುಪಟ್ಟಣಗಳ ಹಿನ್ನೆಲೆ

ಈ ಸೀಮೆಯಲ್ಲಿ ಇಷ್ಟೊಂದು ಕಸುಬುಗಳು ಒಟ್ಟಿಗೆ ಬೇರೂರಿದ್ದಕ್ಕೆ ಇತಿಹಾಸದ ಕಾರಣವಿದೆ. ಬ್ರಹ್ಮಾವರದ ಸಮೀಪದ ಬಾರಕೂರು ಆಳುಪ ಅರಸರ ರಾಜಧಾನಿಯಾಗಿದ್ದ ನಗರ. ವಿಜಯನಗರದ ಕಾಲದಲ್ಲಿ ಅದು ‘ಬಾರಕೂರು ರಾಜ್ಯ’ ಎಂಬ ಆಡಳಿತ ಪ್ರಾಂತದ ಕೇಂದ್ರವಾಗಿತ್ತು. ಕೇರಿ ಕೇರಿಗಳಾಗಿ ಹರಡಿಕೊಂಡಿರುವ ಆ ಊರಿನಲ್ಲಿ ಕಲ್ಲಿನ ಇಳಿಜಾರು ಮಾಡಿನ ಹಳೆಯ ಗುಡಿಗಳನ್ನೂ ಬಸದಿಯ ಅವಶೇಷಗಳನ್ನೂ ಶಾಸನಗಳನ್ನೂ ಇಂದಿಗೂ ಕಾಣಬಹುದು. ಕುಂದಾಪುರಕ್ಕೆ ಹತ್ತಿರದ ಬಸರೂರು ವಾರಾಹಿ ನದಿಯ ದಂಡೆಯ ರೇವು. ಇಲ್ಲಿಂದ ಅಕ್ಕಿ ಹಡಗೇರಿ ದೂರದೇಶಗಳಿಗೆ ಹೋಗುತ್ತಿತ್ತು. ಆ ವ್ಯಾಪಾರದ ಆಸೆಯಿಂದ ಪೋರ್ಚುಗೀಸರು 16ನೆಯ ಶತಮಾನದಲ್ಲಿ ಇಲ್ಲಿ ಕೋಟೆ ಕಟ್ಟಿದರು. 1665ರಲ್ಲಿ ಶಿವಾಜಿಯ ದಂಡು ಸಮುದ್ರಮಾರ್ಗದಿಂದ ಬಂದು ಬಸರೂರನ್ನು ಸೂರೆಗೊಂಡಿತೆಂಬುದು ಚರಿತ್ರೆಯಲ್ಲಿ ದಾಖಲಾಗಿದೆ.

ನಮ್ಮ ಓದುಗರಿಗೆ ಈ ನೆಲದ ಇನ್ನೊಂದು ನಂಟು ವಿಶೇಷವಾಗಿ ಆಪ್ತವೆನಿಸೀತು. ಬಿದನೂರನ್ನು ರಾಜಧಾನಿಯಾಗಿಸಿಕೊಂಡಿದ್ದ ಕೆಳದಿಯ ವೀರಶೈವ ಅರಸರಿಗೆ ಈ ಕರಾವಳಿಯು ಹಡಗಿನ ಬಾಗಿಲಾಗಿತ್ತು. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನು ಪೋರ್ಚುಗೀಸರನ್ನು ಬಸರೂರು, ಗಂಗೊಳ್ಳಿ ಭಾಗಗಳಿಂದ ತೆರವುಗೊಳಿಸಿದನು. ಕೊಲ್ಲೂರಿನ ದೇವಾಲಯಕ್ಕೆ ಕೆಳದಿ ಅರಸುಮನೆತನದ ಆಶ್ರಯವಿತ್ತು. ಘಟ್ಟದ ಮೇಲಿನ ಮೆಣಸು, ಅಡಿಕೆ ಕೆಳಗಿಳಿದು ಬರುತ್ತಿದ್ದುದೂ ಕಡಲ ಸರಕು ಮೇಲೇರುತ್ತಿದ್ದುದೂ ಇದೇ ಘಟ್ಟದ ದಾರಿಗಳಲ್ಲಿಯೇ. 1763ರಲ್ಲಿ ಬಿದನೂರು ಹೈದರಾಲಿಯ ವಶವಾಗುವವರೆಗೂ ಈ ಸಂಬಂಧ ಮುಂದುವರಿಯಿತು. ಇಂದು ಹೊಸನಗರದ ಕಡೆಯಿಂದ ಬಾಳೆಬರೆ ಘಟ್ಟವನ್ನಿಳಿದು ಕುಂದಾಪುರಕ್ಕೆ ಹೋಗುವವರು ಆ ಹಳೆಯ ಸಂಚಾರದ ಸೀಮೆಯಲ್ಲಿಯೇ ಸಾಗುತ್ತಾರೆ.

ರೇವಿದ್ದಲ್ಲಿ ವರ್ತಕರಿದ್ದರು, ವರ್ತಕರಿದ್ದಲ್ಲಿ ದೇವಾಲಯಗಳಿದ್ದವು, ದೇವಾಲಯವಿದ್ದಲ್ಲಿ ಬಡಗಿ, ಶಿಲ್ಪಿ, ನೇಕಾರ, ಮೇಳದವರಿಗೆ ಕೆಲಸವಿತ್ತು. ಹೊಳೆಗಳು ಹೂಳು ತುಂಬಿ, ಹಡಗುಗಳು ಬೇರೆ ಬಂದರು ಹಿಡಿದ ಮೇಲೆ ವ್ಯಾಪಾರ ಹೋಯಿತು. ಕಸುಬುಗಳು ಮಾತ್ರ ತಮತಮಗೆ ದೊರೆತ ಆಸರೆಗೆ ತಕ್ಕಂತೆ ಉಳಿದವು, ಇಲ್ಲವೆ ಸೊರಗಿದವು.

ಉಪ್ಪಿನಕುದ್ರಿನ ಸೂತ್ರದ ಗೊಂಬೆಗಳು

ಕುಂದಾಪುರವು ನೀರಿನಿಂದ ಸುತ್ತುವರಿದ ಪಟ್ಟಣ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಇಲ್ಲಿ ಕೂಡಿ ಪಂಚಗಂಗಾವಳಿಯೆನಿಸಿ ಗಂಗೊಳ್ಳಿಯ ಬಳಿ ಕಡಲು ಸೇರುತ್ತವೆ. ಹೊಳೆಯ ನಡುವಿನ ನಡುಗಡ್ಡೆಗೆ ಈ ಕಡೆಯವರು ‘ಕುದ್ರು’ ಎನ್ನುತ್ತಾರೆ. ಅಂತಹ ಒಂದು ಕುದ್ರುವಿನ ಊರು ಉಪ್ಪಿನಕುದ್ರು.

ಇಲ್ಲಿಯ ಕಾಮತ್ ಮನೆತನದವರು ತಲೆಮಾರುಗಳಿಂದ ಯಕ್ಷಗಾನ ಗೊಂಬೆಯಾಟವನ್ನು ನಡೆಸಿಕೊಂಡು ಬಂದಿದ್ದಾರೆ. ಸುಮಾರು ಒಂದೂವರೆ ಅಡಿ ಎತ್ತರದ ಮರದ ಗೊಂಬೆಗಳಿಗೆ ಬಡಗುತಿಟ್ಟಿನ ವೇಷಭೂಷಣವನ್ನೇ ಚಿಕ್ಕ ಅಳತೆಯಲ್ಲಿ ತೊಡಿಸಿರುತ್ತಾರೆ. ಮುಂಡಾಸು, ಕಿರೀಟ, ಎದೆಕಟ್ಟು, ಭುಜಕೀರ್ತಿ ಯಾವುದೂ ತಪ್ಪುವುದಿಲ್ಲ. ತಲೆಗೂ ಕೈಗಳಿಗೂ ಕಟ್ಟಿದ ದಾರಗಳನ್ನು ಹಿಡಿದ ಸೂತ್ರಧಾರನು ಕರಿಯ ಪರದೆಯ ಹಿಂದೆ ನಿಂತಿರುತ್ತಾನೆ. ಭಾಗವತರ ಪದಕ್ಕೆ ಮದ್ದಲೆ, ಚಂಡೆಗಳು ಜೊತೆಗೂಡಿದಾಗ ಗೊಂಬೆಯು ಕುಣಿಯುತ್ತದೆ, ಕುಳಿತುಕೊಳ್ಳುತ್ತದೆ, ಬಿಲ್ಲು ಹಿಡಿದು ಯುದ್ಧಕ್ಕೆ ನಿಲ್ಲುತ್ತದೆ. ಸ್ವಲ್ಪ ಹೊತ್ತಿನಲ್ಲಿಯೇ ದಾರಗಳು ನಮ್ಮ ಕಣ್ಣಿಗೆ ಬೀಳುವುದು ನಿಂತುಹೋಗುತ್ತದೆ. ‘ಲಂಕಾದಹನ’, ‘ನರಕಾಸುರ ವಧೆ’ಯಂತಹ ಪ್ರಸಂಗಗಳು ಮಕ್ಕಳಿಗೂ ಹಿರಿಯರಿಗೂ ಸಮಾನವಾಗಿ ಹಿಡಿಸುವಂಥವು.

ದಿವಂಗತ ಕೊಗ್ಗ ದೇವಣ್ಣ ಕಾಮತರು ಈ ಕಲೆಯನ್ನು ಊರ ಜಾತ್ರೆಯಿಂದ ದೇಶವಿದೇಶಗಳ ರಂಗಭೂಮಿಗೆ ಕೊಂಡೊಯ್ದವರು. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಅವರನ್ನು ಅರಸಿಕೊಂಡು ಬಂದಿತು. ಅವರ ಮಗ ಭಾಸ್ಕರ ಕೊಗ್ಗ ಕಾಮತರು ಶ್ರೀ ಗಣೇಶ ಯಕ್ಷಗಾನ ಗೊಂಬೆಯಾಟ ಮಂಡಳಿಯನ್ನು ಮುನ್ನಡೆಸಿ, ಉಪ್ಪಿನಕುದ್ರಿನಲ್ಲಿ ‘ಗೊಂಬೆಮನೆ’ಯನ್ನು ಕಟ್ಟಿದರು. ಪ್ರದರ್ಶನ, ತರಬೇತಿ, ಹಳೆಯ ಗೊಂಬೆಗಳ ಸಂರಕ್ಷಣೆ ಎಲ್ಲಕ್ಕೂ ಅದೊಂದು ನೆಲೆ.

ಈ ಕೈಗಳಿಗೆ ಕೆಲಸ ಕೊಟ್ಟವರು ಯಾರು? ಹಿಂದಿನ ಕಾಲದಲ್ಲಿ ಊರಿನ ಉತ್ಸವಗಳು ಮತ್ತು ಮನೆಗಳ ಮಂಗಳಕಾರ್ಯಗಳು. ಅವು ಸಿನಿಮಾ, ಟಿ.ವಿ.ಗಳಿಗೆ ಒಲಿದ ಮೇಲೆ ಈ ಕಲೆಯನ್ನು ಹಿಡಿದು ನಿಲ್ಲಿಸಿದ್ದು ಬಹುಪಾಲು ಒಂದು ಮನೆತನದ ಹಟ. ಪ್ರಶಸ್ತಿಗಳು ಬಂದವು, ನಿಜ. ಆದರೆ ಪ್ರಶಸ್ತಿಯು ಗೌರವವನ್ನು ತರಬಲ್ಲುದೇ ಹೊರತು ಹತ್ತು ಮಂದಿಯ ಮೇಳವನ್ನು ವರ್ಷವಿಡೀ ಸಾಕಲಾರದು. ಸಾಕಬಲ್ಲವರು ಎದುರಿಗೆ ಚಾಪೆ ಹಾಸಿ ಕೂರುವ ಪ್ರೇಕ್ಷಕರು ಮಾತ್ರ.

ಕೋಟೇಶ್ವರದ ತೇರು ಕೆತ್ತುವವರು

ಕುಂದಾಪುರದಿಂದ ದಕ್ಷಿಣಕ್ಕೆ ಕೆಲವೇ ಕಿಲೋಮೀಟರು ಸಾಗಿದರೆ ಕೋಟೇಶ್ವರ. ಕೋಟಿಲಿಂಗೇಶ್ವರ ದೇವಾಲಯವೂ ಅದರ ವಿಶಾಲವಾದ ಕೋಟಿತೀರ್ಥವೂ ಇಲ್ಲಿಯ ಹಿರಿಮೆ. ಇಲ್ಲಿಯ ರಥೋತ್ಸವಕ್ಕೆ ಜನ ‘ಕೊಡಿ ಹಬ್ಬ’ ಎನ್ನುತ್ತಾರೆ. ಹೊಸದಾಗಿ ಮದುವೆಯಾದ ದಂಪತಿಗಳು ಜಾತ್ರೆಗೆ ಬಂದು ಕಬ್ಬಿನ ಕೊಡಿಯನ್ನು ಕೊಂಡು ಮನೆಗೊಯ್ಯುವುದು ಈ ಸೀಮೆಯ ಚೆಂದದ ಪದ್ಧತಿ.

ತೇರನ್ನು ಎಳೆಯುವ ಜನ ಎಲ್ಲ ಊರುಗಳಲ್ಲಿಯೂ ಉಂಟು. ತೇರನ್ನು ಮಾಡುವವರು ಇರುವ ಊರುಗಳು ವಿರಳ. ರಥಶಿಲ್ಪಿ ಲಕ್ಷ್ಮೀನಾರಾಯಣ ಆಚಾರ್ಯರ ಕಾರ್ಯಾಗಾರದಿಂದಾಗಿ ಕೋಟೇಶ್ವರಕ್ಕೆ ನಾಡಿನಾದ್ಯಂತ ಹೆಸರು ಬಂದಿದೆ. ಕುಕ್ಕೆ ಸುಬ್ರಹ್ಮಣ್ಯದ ಹೊಸ ಬ್ರಹ್ಮರಥವು 2019ರಲ್ಲಿ ಇಲ್ಲಿಂದಲೇ ಹೊರಟು ಊರೂರುಗಳಲ್ಲಿ ಪೂಜೆಗೊಳ್ಳುತ್ತ ಕ್ಷೇತ್ರವನ್ನು ಸೇರಿತು. ಕೊಲ್ಲೂರಿನ ಶ್ರೀ ಮೂಕಾಂಬಿಕೆಗೆ 2023ರಲ್ಲಿ ಸಮರ್ಪಿತವಾದ ಬ್ರಹ್ಮರಥವೂ ಇಲ್ಲಿಯದೇ.

ರಥದ ಕೆಲಸದಲ್ಲಿ ಎರಡು ವಿದ್ಯೆಗಳು ಕೂಡುತ್ತವೆ. ಮೊದಲನೆಯದು ಭಾರದ ಲೆಕ್ಕ. ನೂರಾರು ಜನ ಹಗ್ಗ ಹಿಡಿದೆಳೆಯುವಾಗ ಹಲವು ಟನ್ನುಗಳ ತೂಕವು ಅಚ್ಚಿನ ಮೇಲೂ ಗಾಲಿಗಳ ಮೇಲೂ ಸಮನಾಗಿ ಕೂರಬೇಕು. ಇಲ್ಲವಾದರೆ ಒಂದು ಕಡೆಗೆ ವಾಲುವ ಅಪಾಯವುಂಟು. ಆದುದರಿಂದ ಗಾಲಿ, ಅಚ್ಚುಗಳಿಗೆ ಬೋಗಿಯಂತಹ ಗಡುಸು ಮರವನ್ನೂ ಕೆತ್ತನೆಯ ಭಾಗಗಳಿಗೆ ಸಾಗುವಾನಿಯನ್ನೂ ಆರಿಸುತ್ತಾರೆ. ಎರಡನೆಯದು ಶಾಸ್ತ್ರದ ಅಳತೆ ಮತ್ತು ಕೆತ್ತನೆ. ಅಡ್ಡೆಗಳ ಮೇಲೆ ಸಾಲುಸಾಲಾಗಿ ಬರುವ ದೇವತೆ, ಆನೆ, ಸಿಂಹ, ಬಳ್ಳಿಗಳನ್ನು ಉಳಿಯಿಂದ ತೆಗೆಯುವ ಕೆಲಸಕ್ಕೆ ತಿಂಗಳುಗಟ್ಟಲೆ ಅನೇಕ ಕುಶಲಕರ್ಮಿಗಳ ಶ್ರಮ ಬೇಕು. ಕೊಲ್ಲೂರಿಗೆ ಹೋಗುವ ಭಕ್ತರು ಮೊದಲು ಕೋಟೇಶ್ವರದಲ್ಲಿ ಉಳಿಯ ಸದ್ದು ಕೇಳಿ ಹೋದರೆ, ಅಲ್ಲಿಯ ರಥವನ್ನು ಕಾಣುವ ಕಣ್ಣೇ ಬೇರೆಯಾಗುತ್ತದೆ.

ಇಲ್ಲಿ ನಮ್ಮ ಪ್ರಶ್ನೆಗೆ ಉತ್ತರ ಸುಲಭ. ದೇವಾಲಯಗಳು ಮತ್ತು ದಾನಿಗಳು ಕೆಲಸ ಕೊಡುತ್ತಿರುವುದರಿಂದ ಈ ಕಸುಬು ಗಟ್ಟಿಯಾಗಿ ನಿಂತಿದೆ. ಕೆಲಸವಿದ್ದಲ್ಲಿ ಕಲಿಯುವ ಹುಡುಗರೂ ಇರುತ್ತಾರೆ.

ಕೋಟ, ಸಾಲಿಗ್ರಾಮ, ಮಂದರ್ತಿ: ಯಕ್ಷಗಾನದ ಬಣ್ಣ ಮತ್ತು ಬೇಗಡೆ

ಕೋಟೇಶ್ವರದಿಂದ ಬ್ರಹ್ಮಾವರದತ್ತ ಬರುವಾಗ ಕೋಟ, ಸಾಲಿಗ್ರಾಮಗಳು ಸಿಗುತ್ತವೆ. ಡಾ. ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ ಊರು ಕೋಟ. ಬಾಳಿನ ಕೊನೆಯ ಭಾಗವನ್ನು ಅವರು ಕಳೆದದ್ದು ಸಾಲಿಗ್ರಾಮದಲ್ಲಿ. ಕಾದಂಬರಿಕಾರರೆಂದು ಅವರನ್ನು ಎಲ್ಲರೂ ಬಲ್ಲರು. ಆದರೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ 1959ರಲ್ಲಿ ಅವರಿಗೆ ದೊರೆತದ್ದು ‘ಯಕ್ಷಗಾನ ಬಯಲಾಟ’ ಎಂಬ ಸಂಶೋಧನ ಗ್ರಂಥಕ್ಕೆ ಎಂಬುದನ್ನು ನೆನಪಿಡಬೇಕು. ಕೋಟದಲ್ಲಿ ಅವರ ಹೆಸರಿನ ಥೀಮ್ ಪಾರ್ಕ್ ಇದೆ. ಮಕ್ಕಳನ್ನು ಅಲ್ಲಿ ಒಂದು ಗಂಟೆ ನಿಲ್ಲಿಸುವುದು ಉಚಿತ.

ಯಕ್ಷಗಾನವನ್ನು ನಾವು ಕುಣಿತ ಮತ್ತು ಮಾತುಗಾರಿಕೆಯ ಕಲೆಯೆಂದು ತಿಳಿಯುತ್ತೇವೆ. ಅದು ಕೈಕಸುಬೂ ಹೌದು. ವೇಷಧಾರಿಯು ತೊಡುವ ಒಡವೆಗಳು ಹಗುರವಾದ ಮರವನ್ನು ಕೊರೆದು, ಮೇಲೆ ಬಂಗಾರದ ಬಣ್ಣದ ಬೇಗಡೆಯನ್ನು ಅಂಟಿಸಿ, ಕನ್ನಡಿಯ ಚೂರುಗಳನ್ನು ಕೂರಿಸಿ ಮಾಡಿದವು. ದೀಪದ ಬೆಳಕು ಬಿದ್ದಾಗ ಅವು ಮಿನುಗುವ ಬಗೆಯು ಲೋಹದ ಒಡವೆಗೆ ಬಾರದು. ಬಡಗುತಿಟ್ಟಿನ ಮುಂಡಾಸನ್ನು ಬಟ್ಟೆಯಿಂದ ಸುತ್ತಿ ಸುತ್ತಿ ತಲೆಯ ಮೇಲೆಯೇ ಕಟ್ಟುತ್ತಾರೆ. ಚೌಕುಳಿಯ ಕಸೆ ಸೀರೆಯನ್ನು ಉಡುವ ಕ್ರಮಕ್ಕೂ ಕಲಿಕೆ ಬೇಕು. ಹಿಂದೆ ಮುಖವರ್ಣಿಕೆಗೆ ಅರದಾಳ, ಇಂಗಳೀಕಗಳನ್ನು ಅರೆದು ಬಣ್ಣ ಮಾಡಿಕೊಳ್ಳುತ್ತಿದ್ದರು.

ಈ ಸೀಮೆಯಲ್ಲಿ ಮೇಳಗಳ ಸಮೃದ್ಧಿಯಿದೆ. ಮಂದರ್ತಿ, ಮಾರಣಕಟ್ಟೆ, ಕಮಲಶಿಲೆ, ಸೌಕೂರು, ಹಟ್ಟಿಯಂಗಡಿ, ಕೋಟದ ಅಮೃತೇಶ್ವರಿ ಹೀಗೆ ದೇವಾಲಯಗಳ ಹೆಸರಿನಲ್ಲಿಯೇ ಮೇಳಗಳು ತಿರುಗಾಟ ನಡೆಸುತ್ತವೆ. ಮಂದರ್ತಿ ಕ್ಷೇತ್ರವೊಂದರಿಂದಲೇ ಐದು ಮೇಳಗಳು ಹೊರಡುತ್ತವೆ. ಹರಕೆಯ ಆಟವಾಡಿಸಲು ಹೆಸರು ಬರೆಸಿದ ಮನೆಯವರು ತಮ್ಮ ಸರದಿಗಾಗಿ ವರ್ಷಗಳ ಕಾಲ ಕಾಯುತ್ತಾರೆ. ಮಗು ಹುಟ್ಟಿದಾಗ, ರೋಗ ವಾಸಿಯಾದಾಗ, ಮನೆ ಕಟ್ಟಿದಾಗ ಒಂದು ಆಟವಾಡಿಸುತ್ತೇನೆಂದು ಹರಕೆ ಹೊರುವ ಸಾಮಾನ್ಯ ಸಂಸಾರಗಳೇ ಈ ಕಲೆಯ ನಿಜವಾದ ಪೋಷಕರು. ಅರಮನೆಗಳು ಹೋದರೂ ಯಕ್ಷಗಾನ ಉಳಿದದ್ದು ಈ ಗೃಹಸ್ಥರಿಂದ. ಸಾಲಿಗ್ರಾಮದ ಮಕ್ಕಳ ಮೇಳವು ಬಾಲಕರಿಗೂ ಈ ವಿದ್ಯೆಯ ಬಾಗಿಲು ತೆರೆಯಿತು. ಉಡುಪಿಯಲ್ಲಿ 1971ರಲ್ಲಿ ಆರಂಭವಾದ ಯಕ್ಷಗಾನ ಕೇಂದ್ರವು ಶಾಲೆಯ ರೀತಿಯಲ್ಲಿ ಕಲಿಸುವ ಕ್ರಮವನ್ನು ಹಾಕಿಕೊಟ್ಟಿತು.

ಪ್ರವಾಸಿಗರಿಗೆ ಒಂದು ಸಲಹೆ. ಆಟ ನೋಡಲು ಹೋದಾಗ ಒಂದು ಗಂಟೆ ಮೊದಲೇ ಹೋಗಿ, ಅನುಮತಿ ಪಡೆದು ಚೌಕಿಯನ್ನು ನೋಡಬೇಕು. ಬಣ್ಣದ ಪೆಟ್ಟಿಗೆಗಳ ಮುಂದೆ ಸಾಲಾಗಿ ಕುಳಿತ ಕಲಾವಿದರು ತಮ್ಮ ಮುಖವನ್ನು ತಾವೇ ಬರೆದುಕೊಳ್ಳುತ್ತ ಮೆಲ್ಲಮೆಲ್ಲನೆ ದೇವದಾನವರಾಗುವ ದೃಶ್ಯವನ್ನು ಮಕ್ಕಳು ಮರೆಯಲಾರರು. ಚೌಕಿಯಲ್ಲಿ ದೇವರ ಪೆಟ್ಟಿಗೆಯಿರುತ್ತದೆ. ಪಾದರಕ್ಷೆ ಹೊರಗಿಟ್ಟು, ಮೌನವಾಗಿ ನಿಲ್ಲುವುದು ಮರ್ಯಾದೆ.

ಬ್ರಹ್ಮಾವರದ ಕಡೆಯ ಮಗ್ಗ ಮತ್ತು ಉಡುಪಿ ಸೀರೆ

ಇನ್ನು ನೇಯ್ಗೆಯ ಸಂಗತಿ. 19ನೆಯ ಶತಮಾನದ ನಡುಭಾಗದಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆಯನ್ನು ತೆರೆದು ಯುರೋಪಿನ ಮಾದರಿಯ ಮಗ್ಗಗಳನ್ನು ತಂದರು. ಅದಕ್ಕೂ ಮೊದಲೇ ಕರಾವಳಿಯಲ್ಲಿ ಶೆಟ್ಟಿಗಾರ ನೇಕಾರರು ಕುಳಿಮಗ್ಗಗಳಲ್ಲಿ ಬಟ್ಟೆ ನೇಯುತ್ತಿದ್ದರು. ಹಳೆಯ ಕೈಚಳಕಕ್ಕೆ ಹೊಸ ಮಗ್ಗ ಸೇರಿ ರೂಪುಗೊಂಡದ್ದೇ ‘ಉಡುಪಿ ಸೀರೆ’. ಅಪ್ಪಟ ಹತ್ತಿಯ ನೂಲು, ಹಗುರ ಮೈ, ಚೌಕುಳಿ ಇಲ್ಲವೆ ಸಾದಾ ಒಡಲು, ಎದ್ದು ಕಾಣುವ ಅಂಚು, ಅದಕ್ಕೊಪ್ಪುವ ಸೆರಗು ಇವು ಅದರ ಗುರುತುಗಳು. ಹಾಸಿನ ಎಳೆಗಳಿಗೆ ಅಕ್ಕಿಯ ಗಂಜಿಯನ್ನು ಕೈಯಿಂದಲೇ ಸವರಿ ಒಣಗಿಸುವುದರಿಂದ ನೂಲು ಗಟ್ಟಿಯಾಗುತ್ತದೆ. ಕರಾವಳಿಯ ಬೆವರಿನ ಹವೆಗೆ ಇದಕ್ಕಿಂತ ಹಿತವಾದ ಉಡುಗೆ ಬೇರಿಲ್ಲವೆಂದು ಹಿಂದಿನ ಅಜ್ಜಿಯರು, ಶಾಲೆಯ ಅಧ್ಯಾಪಕಿಯರು ಬಲ್ಲವರಾಗಿದ್ದರು.

ಉಡುಪಿ, ಶಿವಳ್ಳಿ, ಬ್ರಹ್ಮಾವರ, ತಾಳಿಪಾಡಿ ಮೊದಲಾದೆಡೆ ನೇಕಾರರು ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಒಂದು ಕಾಲದಲ್ಲಿ ಮನೆಮನೆಯಲ್ಲಿ ಲಾಳಿಯ ಸದ್ದಿತ್ತು. ವಿದ್ಯುತ್ ಮಗ್ಗದ ಅಗ್ಗದ ಸೀರೆಗಳು ಬಂದವು. ದಿನವಿಡೀ ಮಗ್ಗದಲ್ಲಿ ಕುಳಿತವನಿಗೆ ಸಿಗುತ್ತಿದ್ದ ಕೂಲಿ ಬೇರಾವುದೇ ಕೆಲಸದ ಕೂಲಿಗಿಂತ ಕಡಿಮೆಯಾಯಿತು. ಮಕ್ಕಳು ಮುಂಬಯಿ, ಬೆಂಗಳೂರುಗಳಿಗೆ ಹೋದರು. ಕೊನೆಗೆ ಇಡೀ ಕರಾವಳಿಯಲ್ಲಿ ಉಡುಪಿ ಸೀರೆ ನೇಯುವವರು ಕೆಲವೇ ಹತ್ತುಗಳಷ್ಟು ಮಂದಿ, ಅವರೂ ವಯಸ್ಸಾದವರು ಎಂಬಂತಾಯಿತು.

2016ರಲ್ಲಿ ಉಡುಪಿ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಆದರೆ ಮಾನ್ಯತೆಯ ಪತ್ರವು ತಾನಾಗಿ ಮಗ್ಗವನ್ನು ನಡೆಸುವುದಿಲ್ಲ. ತಾಳಿಪಾಡಿ ಸಂಘದ ಜೊತೆಗೂಡಿ ಕಾರ್ಕಳದ ಕದಿಕೆ ಟ್ರಸ್ಟ್ ಕೆಲಸ ಮಾಡಿ, ಸೀರೆಯನ್ನು ನೇರವಾಗಿ ಕೊಳ್ಳುವವರ ಕೈಗೆ ತಲುಪಿಸುವ ದಾರಿ ಹುಡುಕಿತು. ನೇಕಾರರಿಗೆ ಹೆಚ್ಚಿನ ಕೂಲಿ ದೊರೆಯತೊಡಗಿದಾಗ, ಮಗ್ಗ ಬಿಟ್ಟವರಲ್ಲಿ ಕೆಲವರು ಮರಳಿದರು, ಕಲಿಯಲು ಯುವತಿಯರು ಮುಂದೆ ಬಂದರು. ಇದರಿಂದ ತಿಳಿಯುವುದಿಷ್ಟೆ: ಕಸುಬನ್ನು ಕೊಂದದ್ದು ಕಾಲವಲ್ಲ, ಕಡಿಮೆ ಕೂಲಿ. ಬೆಲೆ ಸರಿಯಾದರೆ ಕೈಗಳು ಮರಳಿ ಬರುತ್ತವೆ.

ಇಲ್ಲಿ ಕೆಲಸ ಕೊಡುವವರು ದೇವಾಲಯದವರಲ್ಲ, ಸರಕಾರವೂ ಅಲ್ಲ. ನಮ್ಮ ನಿಮ್ಮ ಮನೆಯ ಹೆಣ್ಣುಮಕ್ಕಳೇ. ಮಗಳ ನಿಶ್ಚಿತಾರ್ಥಕ್ಕೆ ರೇಷ್ಮೆ ತರುವ ಮನೆಯಲ್ಲಿ, ಅತ್ತೆಗೆ, ಅತ್ತಿಗೆಗೆ, ದಿನಬಳಕೆಗೆ ಒಂದೊಂದು ಹತ್ತಿ ಸೀರೆ ಬೇಕೇ ಬೇಕಲ್ಲವೆ? ಅದನ್ನು ನೇಯ್ದವನಿಂದಲೇ, ಅವನ ಸಂಘದಿಂದಲೇ ಕೊಂಡರೆ ಹಣ ನೇರವಾಗಿ ಮಗ್ಗ ಮುಟ್ಟುತ್ತದೆ. ಕೊಳ್ಳುವಾಗ ಕೇಂದ್ರ ಸರಕಾರವು 2006ರಲ್ಲಿ ಜಾರಿಗೆ ತಂದ ‘ಹ್ಯಾಂಡ್‌ಲೂಮ್ ಮಾರ್ಕ್’ ಗುರುತನ್ನು ನೋಡಿಕೊಳ್ಳುವುದು ಒಳಿತು.

ಗೆರಸಿ, ಹೆಡಿಗೆ ಮತ್ತು ಗೌರವ

ಈ ಊರುಗಳ ಸಂತೆಗಳಲ್ಲಿ ಬೀಳು, ಬಿದಿರುಗಳಿಂದ ಹೆಣೆದ ಗೆರಸಿ, ಹೆಡಿಗೆ, ಬುಟ್ಟಿಗಳನ್ನು ಮುಂದಿಟ್ಟುಕೊಂಡು ಕುಳಿತವರನ್ನು ಕಾಣಬಹುದು. ಇವರಲ್ಲಿ ಅನೇಕರು ಕೊರಗ ಸಮುದಾಯದವರು. ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲವೆಂದು ಕೇಂದ್ರ ಸರಕಾರವು ಗುರುತಿಸಿರುವ ಬುಡಕಟ್ಟುಗಳು ಎರಡು. ಒಂದು ಜೇನುಕುರುಬ, ಇನ್ನೊಂದು ಕೊರಗ. ಕಾಡಿನ ಬಳ್ಳಿಯನ್ನು ಆಯ್ದು, ಸೀಳಿ, ಹದಗೊಳಿಸಿ ಹೆಣೆಯುವ ಅವರ ಬುಟ್ಟಿಯಲ್ಲಿ ಕರಾವಳಿಯ ಪ್ರತಿಯೊಂದು ಮನೆಯ ಭತ್ತವೂ ಅಕ್ಕಿಯೂ ತುಂಬಿತ್ತು. ಆದರೆ ಹೆಣೆದವರಿಗೆ ಸಮಾಜ ಕೊಟ್ಟದ್ದು ಅವಮಾನ. ‘ಅಜಲು’ ಎಂಬ ಹೆಸರಿನಲ್ಲಿ ಅವರನ್ನು ಹೀನಾಯವಾಗಿ ನಡೆಸಿಕೊಳ್ಳುತ್ತಿದ್ದ ಪದ್ಧತಿಯನ್ನು ಕೊನೆಗೆ 2000ದ ಕಾಯಿದೆಯೊಂದರ ಮೂಲಕ ರಾಜ್ಯ ಸರಕಾರವು ನಿಷೇಧಿಸಬೇಕಾಯಿತು.

ಪ್ಲಾಸ್ಟಿಕ್ ಬುಟ್ಟಿ ಬಂದು ಅವರ ಮಾರುಕಟ್ಟೆಯನ್ನು ಕಸಿದುಕೊಂಡಿದೆ. ಕಾಡಿನಲ್ಲಿ ಬೀಳು ಸಿಗುವುದು ಕಷ್ಟವಾಗಿದೆ. ತಂದೆತಾಯಿಯರ ಕಸುಬನ್ನು ಮಕ್ಕಳು ಬಿಟ್ಟು ಓದಿನತ್ತ ಹೊರಟರೆ ಅದರಲ್ಲಿ ತಪ್ಪೇನೂ ಇಲ್ಲ. ಕಸುಬು ಉಳಿಯಬೇಕೆಂದು ಯಾರೂ ಬಡತನದಲ್ಲಿ ಉಳಿಯಬೇಕಾಗಿಲ್ಲ. ಆದರೆ ಹೆಣೆಯಬಯಸುವವರಿಗೆ ಮರ್ಯಾದೆಯೂ ನ್ಯಾಯವಾದ ಬೆಲೆಯೂ ಸಿಗಬೇಕು.

ಬಸವಾದಿ ಶರಣರ ಪರಂಪರೆಯಲ್ಲಿ ಬೆಳೆದ ನಮಗೆ ಈ ಮಾತು ಹೊಸದಲ್ಲ. ಬುಟ್ಟಿ ಹೆಣೆದ ಮೇದಾರ ಕೇತಯ್ಯನೂ ನೇಯ್ದ ಜೇಡರ ದಾಸಿಮಯ್ಯನೂ ದೋಣಿ ನಡೆಸಿದ ಅಂಬಿಗರ ಚೌಡಯ್ಯನೂ ನಮ್ಮ ಮನೆಗಳಲ್ಲಿ ಪೂಜ್ಯರು. ಅವರ ಹೆಸರನ್ನು ಭಕ್ತಿಯಿಂದ ನೆನೆಯುವ ನಾವು ಸಂತೆಯಲ್ಲಿ ಬುಟ್ಟಿಯವಳ ಮುಂದೆ ನಿಂತು ಹತ್ತು ರೂಪಾಯಿಗಾಗಿ ಚೌಕಾಸಿ ಮಾಡಿದರೆ, ಆ ಭಕ್ತಿಯ ತೂಕವೆಷ್ಟೆಂದು ನಾವೇ ಕೇಳಿಕೊಳ್ಳಬೇಕು.

ಬೈಂದೂರಿನತ್ತ

ಕುಂದಾಪುರದಿಂದ ಉತ್ತರಕ್ಕೆ ಹೊರಟರೆ ಮರವಂತೆ ಬರುತ್ತದೆ. ಇಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ಮುಂದೆ ಉಪ್ಪುಂದ, ಬೈಂದೂರು, ಶಿರೂರು. ಈ ತೀರದ ಊರುಗಳಲ್ಲಿ ಬೆಳಗ್ಗೆ ಮರಳಿನ ಮೇಲೆ ಕುಳಿತು ಬಲೆಯ ಹರಕನ್ನು ಕಣ್ಣು ಕಣ್ಣಾಗಿ ಕೂಡಿಸುವ ಹಿರಿಯರನ್ನು ಕಾಣಬಹುದು. ಫೈಬರಿನ ದೋಣಿಗಳು ಬಂದ ಮೇಲೆ ಮರದ ದೋಣಿ ಮಾಡುವ ಬಡಗಿಗಳಿಗೆ ಕೆಲಸ ಕಡಿಮೆಯಾಗಿದೆ. ಬಲೆ ಹೆಣೆಯುವ ಬೆರಳುಗಳು ಮಾತ್ರ ಇನ್ನೂ ಬೇಕಾಗಿವೆ. ಮುಂಡಕದ ಓಲೆಯ ಮುಳ್ಳು ತೆಗೆದು, ಒಣಗಿಸಿ, ಚಾಪೆ ನೇಯುವ ಹೆಂಗಸರು ಕರಾವಳಿಯ ಹಳ್ಳಿಗಳಲ್ಲಿ ಅಲ್ಲಲ್ಲಿ ಇದ್ದಾರೆ. ಬೇಸಿಗೆಯ ಮಧ್ಯಾಹ್ನ ಆ ಚಾಪೆಯ ತಂಪು ಬೇರೆಯೇ.

ಬೈಂದೂರಿನ ಸೋಮೇಶ್ವರ ಕಡಲತೀರವನ್ನೂ ಒತ್ತಿನೆಣೆಯ ದಿಬ್ಬವನ್ನೂ ನೋಡಿ, ಅಲ್ಲಿಂದ ಒಳನಾಡಿಗೆ ತಿರುಗಿದರೆ ಕೊಲ್ಲೂರು. ಹೊಟೇಲಿನಲ್ಲಿ ಹಲಸಿನೆಲೆಯ ಕೊಟ್ಟೆಯಲ್ಲಿ ಬೆಂದ ಕಡುಬು ಸಿಕ್ಕಿದರೆ ಬಿಡಬೇಡಿ. ನಾಲ್ಕು ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಹಿಟ್ಟು ಸೋರದಂತೆ ಬಟ್ಟಲು ಕಟ್ಟುವುದೂ ಒಂದು ಕೈಗುಣವೇ. ಊರಿನ ಹೆಂಗಸರು ಮಾತನಾಡುತ್ತಲೇ ಅದನ್ನು ಕಟ್ಟಿಬಿಡುತ್ತಾರೆ.

ಹೋಗುವವರಿಗೆ ಕೆಲವು ಮಾತುಗಳು

ದೀಪಾವಳಿಯ ನಂತರದಿಂದ ಮೇ ತಿಂಗಳವರೆಗೆ ಈ ಪ್ರವಾಸಕ್ಕೆ ಒಳ್ಳೆಯ ಕಾಲ. ಮೇಳಗಳು ತಿರುಗಾಟದಲ್ಲಿರುವುದೂ ಜಾತ್ರೆಗಳು ನಡೆಯುವುದೂ ಆಗಲೇ. ಮಳೆಗಾಲದಲ್ಲಿ ಬಯಲಾಟವಿರುವುದಿಲ್ಲ. ಕೊಂಕಣ ರೈಲಿನಲ್ಲಿ ಬರುವವರಿಗೆ ಬಾರಕೂರು, ಕುಂದಾಪುರ, ಬೈಂದೂರುಗಳಲ್ಲಿ ನಿಲ್ದಾಣಗಳಿವೆ. ಶಿವಮೊಗ್ಗ, ದಾವಣಗೆರೆಗಳ ಕಡೆಯಿಂದ ಬರುವವರಿಗೆ ಘಟ್ಟದ ರಸ್ತೆಗಳುಂಟು. ಮಳೆಗಾಲದಲ್ಲಿ ಘಟ್ಟ ತೆರೆದಿದೆಯೇ ಎಂದು ವಿಚಾರಿಸಿ ಹೊರಡುವುದು ಕ್ಷೇಮ.

ಗೊಂಬೆಮನೆಗಾಗಲಿ ರಥದ ಕಾರ್ಯಾಗಾರಕ್ಕಾಗಲಿ ನೇಕಾರರ ಮನೆಗಾಗಲಿ ಹೋಗುವ ಮುನ್ನ ತಿಳಿಸಿ ಹೋಗಬೇಕು. ಅವು ಪ್ರದರ್ಶನಾಲಯಗಳಾಗಿರುವಂತೆಯೇ ದುಡಿಮೆಯ ಸ್ಥಳಗಳೂ ಆಗಿವೆ. ಕೇಳದೆ ಫೋಟೋ ತೆಗೆಯಬಾರದು. ಮಕ್ಕಳು ಪ್ರಶ್ನೆ ಕೇಳಲಿ, ಆದರೆ ಉಪಕರಣಗಳನ್ನು ಮುಟ್ಟದಿರಲಿ. ಒಂದು ದಿನದಲ್ಲಿ ಐದು ಊರು ಮುಗಿಸುವ ಆತುರವೂ ಬೇಡ. ಎರಡು ಊರುಗಳಲ್ಲಿ ಅರ್ಧರ್ಧ ದಿನ ಕುಳಿತರೆ, ಕೆಲಸಗಾರನ ಕೈಯಲ್ಲಿ ಒಂದು ವಸ್ತು ಮೊದಲಿನಿಂದ ಕೊನೆಯವರೆಗೆ ರೂಪುಗೊಳ್ಳುವುದನ್ನು ಕಾಣಬಹುದು. ಅದನ್ನು ಕಂಡ ಮಗುವಿಗೆ ವಸ್ತುವಿನ ಬೆಲೆ ಏಕೆ ಅಷ್ಟು ಎಂದು ಯಾರೂ ವಿವರಿಸಬೇಕಾಗುವುದಿಲ್ಲ.

ಬೆಲೆಯ ವಿಷಯದಲ್ಲಿ ಒಂದು ನೇಮವನ್ನು ಇಟ್ಟುಕೊಳ್ಳಬಹುದು. ಪ್ರವಾಸದ ಒಟ್ಟು ಖರ್ಚಿನಲ್ಲಿ ಒಂದು ಪಾಲನ್ನು ಕೈಕಸುಬಿನ ವಸ್ತುವಿಗೆಂದೇ ಮೊದಲೇ ತೆಗೆದಿರಿಸಬೇಕು. ಒಂದು ಸೀರೆ, ಒಂದು ಚಾಪೆ, ಎರಡು ಗೆರಸಿ, ಇಲ್ಲವೆ ಗೊಂಬೆಯಾಟದ ಟಿಕೇಟು. ಹೇಳಿದ ಬೆಲೆಯನ್ನು ಕೊಟ್ಟು, ಮಾಡಿದವರ ಹೆಸರು ಕೇಳಿಕೊಂಡು ಬರಬೇಕು. ಊರಿಗೆ ಮರಳಿದ ಮೇಲೆ ಸಂಘದ ವಾರ್ಷಿಕೋತ್ಸವಕ್ಕೋ ಮಠದ ಜಾತ್ರೆಗೋ ಗೊಂಬೆಯಾಟದ ಮಂಡಳಿಯನ್ನು ಕರೆಸುವ ಯೋಚನೆ ಮಾಡಬಹುದು. ದೂರದ ಒಂದು ಕರೆಯು ಹತ್ತು ಪ್ರಶಂಸೆಯ ಪತ್ರಗಳಿಗಿಂತ ಮೇಲು.

ನಾವು ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಈ ಊರುಗಳು ಕೊಡುವ ಉತ್ತರ ಸ್ಪಷ್ಟವಾಗಿದೆ. ದೇವಾಲಯವು ಕೈಹಿಡಿದ ರಥಶಿಲ್ಪ ಗಟ್ಟಿಯಾಗಿದೆ. ಹರಕೆ ಹೊತ್ತ ಸಂಸಾರಗಳು ಕೈಹಿಡಿದ ಯಕ್ಷಗಾನ ವರ್ಧಿಸಿದೆ. ಗೃಹಸ್ಥರು ಕೈಬಿಟ್ಟ ಮಗ್ಗ ನಿಲ್ಲುವಂತಾಗಿ, ಅವರು ಮತ್ತೆ ಕೊಳ್ಳತೊಡಗಿದಾಗ ಉಸಿರಾಡಿದೆ. ಯಾರೂ ಕೈಹಿಡಿಯದ ಬುಟ್ಟಿ ಹೆಣೆಯುವವರು ಸಂತೆಯ ಅಂಚಿನಲ್ಲಿ ಕುಳಿತಿದ್ದಾರೆ. ಮುಂದಿನ ಸಲ ಕೊಲ್ಲೂರಿನ ಯಾತ್ರೆಗೆ ಹೊರಡುವಾಗ ಮನೆಯ ಯಜಮಾನರೂ ಯಜಮಾನಿತಿಯೂ ಚೀಲದಲ್ಲಿ ಸ್ವಲ್ಪ ಜಾಗ ಖಾಲಿ ಬಿಟ್ಟುಕೊಂಡು ಹೊರಡಲಿ. ಆ ಜಾಗವನ್ನು ತುಂಬಿ ತಂದಷ್ಟೂ ಒಂದೊಂದು ಮನೆಯ ಮಗ್ಗ, ಉಳಿ, ಬೀಳುಗಳಿಗೆ ಇನ್ನೊಂದು ವರ್ಷದ ಆಯುಷ್ಯ ದೊರೆಯುತ್ತದೆ.